ಹಗೇವಿಗೆ ಮೊದಲು ಇಳಿಯುವವರು

ಮೂವರು ಪ್ರಾಧ್ಯಾಪಕರು ನಮ್ಮ ಅಂಗಳದ ಹಗೇವಿಗೆ ಇಳಿದರು, ಮೇಲೆ ಬಂದು ಕೈ ತೊಳೆದು ಹೊಟ್ಟೆ ತುಂಬ ಉಂಡರು, ನನ್ನ ಮೊಮ್ಮಗಳ ಕಾಗದಕ್ಕೆ ಸಹಿ ಹಾಕದೆ ಹೋದರು. ಅಂಜಿದರು. ನಡೆದದ್ದು ಇಷ್ಟೇ. ಆಮೇಲೆ ಫೋನಿನಲ್ಲಿ ಅವರು ಹೇಳಿದ ಪ್ರಕ್ರಿಯೆ, ಪರಿಶೀಲನೆ, ವಿಷಯದ ವ್ಯಾಪ್ತಿ ಎಂಬ ಮಾತುಗಳೆಲ್ಲ ಆ ಅಂಜಿಕೆಗೆ ಹೊದಿಸಿದ ಶಾಲು.

ಹಗೇವು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ನೀರಿನ ಕೊಡದ ಹಾಗೆ ಅಗಲ. ಜೋಳ ಸುರಿದು, ಮೇಲೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಶಿರಗುಪ್ಪಿಯ ನಮ್ಮ ಮನೆಯಲ್ಲಿ ನಾನು ಸೊಸೆಯಾಗಿ ಬಂದಾಗ ಮೂರು ಹಗೇವು ಇದ್ದವು. ಈಗ ಒಂದೇ ಉಳಿದಿದೆ, ಅದೂ ನಾನು ಹಟ ಹಿಡಿದದ್ದಕ್ಕೆ. ಮಗ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸುವವನಿದ್ದ. ನಾನು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಹಗೇವಿನ ವಿಷಯ ಅಲ್ಲಿ ಯಾರೂ ಕಲಿಸಲಿಲ್ಲ, ಅತ್ತೆ ಬೈದು ಬೈದು ಕಲಿಸಿದಳು.

ಮಗನ ಮಗಳು ಡಿಗ್ರಿ ಮುಗಿಸಿ ಬಂದ ವರ್ಷ ಇದರ ಬೆನ್ನು ಹತ್ತಿದಳು.

"ಆಯಿ, ಅಪ್ಪನ ಗೋದಾಮಿನ್ಯಾಗಿನ ಜೋಳಕ್ಕ ಹುಳಾ ಹತ್ತತಾವು. ಇದಕ್ಕ ಯಾಕ ಹತ್ತಂಗಿಲ್ಲ?"

"ಉಸುರಾಡಾಕ ಗಾಳಿ ಇಲ್ಲಂದ್ರ ಹುಳಾ ಏನ್ ಮಾಡತೈತಿ? ಸಾಯತೈತಿ."

ಅಷ್ಟಕ್ಕೆ ತೃಪ್ತಿಯಾಗುವ ಹುಡುಗಿ ಅವಳಲ್ಲ. ಒಳಗೆ ಎಷ್ಟು ಶಾಖ, ಎಷ್ಟು ತೇವ, ಕಪ್ಪು ಎರೆಮಣ್ಣು ದಾಟಿ ಗರಸಿನ ಗಟ್ಟಿ ಜಲ್ಲಿಮಣ್ಣು ಸಿಗುವವರೆಗೆ ಯಾಕೆ ತೋಡುತ್ತಿದ್ದರು, ಯಾರು ತೋಡುತ್ತಿದ್ದರು ಎಂದು ವರ್ಷಪೂರ್ತಿ ಅಳೆದಳು, ಕೇಳಿದಳು, ಬರೆದಳು. ಊರಿನ ಮುದುಕಿಯರನ್ನು ಒಬ್ಬರನ್ನೂ ಬಿಡಲಿಲ್ಲ. ಇದರ ಮೇಲೆಯೇ ಮುಂದಿನ ಪದವಿ ಮಾಡುತ್ತೇನೆ ಎಂದಳು. ಆದರೆ ಯಾವ ವಿಭಾಗಕ್ಕೆ ಹೋದರೂ ಒಂದು ತುಂಡು ಮಾತ್ರ ಬೇಕು. ಭೂಗರ್ಭಶಾಸ್ತ್ರದವರಿಗೆ ಕುಣಿ ಬೇಕು, ಜೋಳ ಬೇಡ. ಸಸ್ಯಶಾಸ್ತ್ರದವರಿಗೆ ಜೋಳ ಬೇಕು, ಕುಣಿ ಬೇಡ. ಇತಿಹಾಸದವರಿಗೆ ಎರಡೂ ಬೇಡ, ನಮ್ಮಂಥ ಮುದುಕಿಯರ ಮಾತು ಸಾಕು.

ಆಗ ಅವಳಿಗೆ ವಿಶ್ವವಿದ್ಯಾಲಯದ ಒಂದು ನಿಯಮ ಸಿಕ್ಕಿತು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ, ಅವಳು ಮೊಬೈಲಿನಲ್ಲಿ ನೋಡುತ್ತ ಓದಿ ಹೇಳಿದಳು. ಇದ್ದ ಕೋರ್ಸುಗಳಲ್ಲಿ ಯಾವುದೂ ಹೊಂದದಿದ್ದರೆ ವಿದ್ಯಾರ್ಥಿ ತನ್ನ ಕೋರ್ಸನ್ನು ತಾನೇ ಕಟ್ಟಿಕೊಳ್ಳಬಹುದು. ಏನೇನು ಓದುತ್ತೇನೆ, ಇದ್ದ ಕೋರ್ಸು ಯಾಕೆ ಸಾಲದು ಎಂದು ಬರೆಯಬೇಕು. ಬೇರೆ ಬೇರೆ ವಿಭಾಗದ ಮೂವರು ಮಾರ್ಗದರ್ಶಕರು ಒಪ್ಪಿ ಸಹಿ ಹಾಕಬೇಕು. ಕೊನೆಯ ದಿನದೊಳಗೆ ಕೊಡಬೇಕು.

"ನಿಯಮ ಛಲೋ ಐತಲ್ಲ," ಎಂದೆ.

ಈಗಲೂ ಹಾಗೇ ಅನ್ನುತ್ತೇನೆ. ಬರೆದವನು ಯಾರೋ, ಬುದ್ಧಿ ಇದ್ದವನು. ನನ್ನ ಸಿಟ್ಟು ನಿಯಮದ ಮೇಲಲ್ಲ. ಕೆಲವರ ಮನೆಯಲ್ಲಿ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಂದವರಿಗೆ ಕಾಣುವ ಹಾಗೆ ನಾಗೊಂದಿಗೆಯ ಮೇಲೆ ಇಟ್ಟಿರುತ್ತಾರೆ. ಸೊಸೆ ಅದನ್ನು ಇಳಿಸಿ ನೀರು ಕಾಯಿಸಲು ಹೋದರೆ ಮನೆಯವರೆಲ್ಲ ಚೀರುತ್ತಾರೆ. ಹಾಗಾಯಿತು ಇದು. ಈ ಫಾರ್ಮು ಕೇಳಿದವಳು ನೀನೇ ಮೊದಲು ಎಂದು ಕಚೇರಿಯ ಗುಮಾಸ್ತ ಅವಳಿಗೆ ಹೇಳಿದನಂತೆ. ಹುಡುಗಿ ಹಿಗ್ಗಿದಳು. ನಾನಾಗಿದ್ದರೆ ಅಲ್ಲಿಯೇ ಸಂಶಯ ಪಡುತ್ತಿದ್ದೆ.

ಎರಡು ತಿಂಗಳು ಧಾರವಾಡಕ್ಕೆ ಅಲೆದಳು. ಯಾರೂ ಬೇಡ ಎನ್ನಲಿಲ್ಲ, ಅದೇ ನೋಡಿ ತಮಾಷೆ. ಮೂವರೂ ಹೊಗಳಿದರು. ಸಸ್ಯಶಾಸ್ತ್ರದವನು ಭೂಗರ್ಭಶಾಸ್ತ್ರದ ಬಾಯಿಯವರ ಸಹಿ ಆದ ಕೂಡಲೇ ತಗೊಂಡು ಬಾ ಎಂದ; ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಬಾಯಿಯವರು ಎನ್ನುತ್ತೇವೆ. ಬಾಯಿಯವರು ಇತಿಹಾಸದ ಹಿರಿಯರು ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಎಂದರು. ಹಿರಿಯರು ಇದು ವಿಜ್ಞಾನದ ವಿಷಯ, ವಿಜ್ಞಾನದವರದ್ದು ಮೊದಲು ಬರಲಿ ಎಂದರು. ಫಾರ್ಮು ಮಡಿಕೆ ಬಿದ್ದ ಕಡೆ ಹರಿಯುವ ಹಾಗಾಯಿತು, ಮೂವರ ಹೆಸರು ಬರೆದದ್ದಾಗಿತ್ತು, ಸಹಿಯ ಮೂರು ಮನೆಗಳು ಖಾಲಿ.

"ಮೂವರನ್ನೂ ಊಟಕ್ಕ ಕರಿ. ಹಗೇವು ತೆಗಿಯೂ ದಿನಾನ ಬರಲಿ. ಕಣ್ಣಾರ ನೋಡಿದವರು ಸಹಿ ಹಾಕದ ಎಲ್ಲಿ ಹೊಕ್ಕಾರ?" ಎಂದೆ. ನನ್ನ ತಪ್ಪು ಅದು. ನೋಡಿದರೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ಕೊನೆಯ ದಿನ ಸೋಮವಾರ. ಅವರು ರವಿವಾರ ಬಂದರು, ಮೂವರೂ ಒಂದೇ ಕಾರಿನಲ್ಲಿ. ಕೆಟ್ಟ ಗಾಳಿ ಹೋಗಲೆಂದು ನಾವು ಹಿಂದಿನ ದಿನವೇ ಕಲ್ಲು ಸರಿಸಿ, ಮೇಲಿನ ಜೋಳ ತೆಗೆದು ಬಾಯಿ ತೆರೆದು ಇಟ್ಟಿದ್ದೆವು. ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟೆ. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಆರಲಿಲ್ಲ, ನೆಟ್ಟಗೆ ಉರಿಯಿತು.

ಇತಿಹಾಸದ ಹಿರಿಯರು ಜೋಳ ತೆಗೆಯಲು ಬಂದ ಆಳಿಗೆ, "ನೀ ಇಳಿಯಪಾ ಮೊದಲ, ನಾವು ಆಮ್ಯಾಲ ಬರ್ತೀವಿ," ಎಂದರು.

"ಆಳು ಮೊದಲ ಇಳಿಯಂಗಿಲ್ರಿ," ಎಂದೆ. "ಹಗೇವು ಯಾರದೋ ಅವರ ಮೊದಲ. ಇದು ನಮ್ಮತ್ತಿ ಹಾಕಿದ ಕಟ್ಟಳಿ."

ಸೀರೆ ಕಚ್ಚೆ ಹಾಕಿ ಏಣಿಯ ಮೇಲೆ ಕಾಲಿಟ್ಟೆ. ಸಸ್ಯಶಾಸ್ತ್ರದವನು ಗಾಬರಿಯಾದ. "ಅವ್ವಾರ, ಈ ವಯಸ್ಸಿನ್ಯಾಗ ನೀವು ಯಾಕ್ರಿ?"

"ವಯಸ್ಸಾದವರು ಹೋದ್ರ ಲುಕ್ಸಾನ ಕಡಿಮಿ ತಮ್ಮಾ."

ನಾನು ಇಳಿದು ಕೂಗು ಹಾಕಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಬಾಯಿಯವರು ಗೋಡೆ ಕೆರೆದು ಗರಸಿನ ಪುಡಿಯನ್ನು ಚೀಟಿಯಲ್ಲಿ ಕಟ್ಟಿಕೊಂಡರು. ಸಸ್ಯಶಾಸ್ತ್ರದವನು ಕಾಳು ಕಡಿದು ನೋಡಿ ಮೂಗಿನ ಹತ್ತಿರ ಹಿಡಿದ. ಹಿರಿಯರು ಹಗೇವಿನ ಬಾಯಿಯತ್ತ ಮುಖ ಮಾಡಿ ನಿಂತು ಫೋಟೋ ತೆಗೆಸಿಕೊಂಡರು. ಆಹಾ, ಅದ್ಭುತ, ಇಂಥದ್ದನ್ನು ಉಳಿಸಬೇಕು ಎಂದರು. ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ಇಲ್ಲಿ ಮಾತ್ರ ಯಾರೂ ನೀ ಮೊದಲು, ನೀ ಮೊದಲು ಎನ್ನಲಿಲ್ಲ.

ಊಟವಾದ ಮೇಲೆ ಮೊಮ್ಮಗಳು ಚಾಪೆಯ ಮೇಲೆ ಫಾರ್ಮು ಹಾಸಿ ಪೆನ್ನು ಇಟ್ಟಳು.

"ಸರ್ ಹಿರಿಯಾರು ಕುಂತಾಗ ನಾ ಹೆಂಗ ಮೊದಲ ಹಾಕೂದು?" ಎಂದರು ಬಾಯಿಯವರು.

"ಛೇ ಛೇ, ಲೇಡೀಸ್ ಫಸ್ಟ್," ಎಂದರು ಹಿರಿಯರು.

ಸಸ್ಯಶಾಸ್ತ್ರದವನು ಸ್ವಲ್ಪ ಖರೇ ಮನುಷ್ಯ. "ನಾಳೆ ಏನಾರ ತಕರಾರು ಬಂತಂದ್ರ ಮೊದಲನೇ ಹೆಸರು ಕಣ್ಣಿಗೆ ಬೀಳತೈತ್ರಿ ಅವ್ವಾರ," ಎಂದ.

"ಏನ್ ತಕರಾರು ಬರತೈತಿ?"

"ಈ ಹುಡುಗಿ ಯಾರ ವಿಭಾಗದಾಕಿ, ಫೇಲಾದ್ರ ಯಾರು ಉತ್ತರಾ ಕೊಡಬೇಕು ಅಂತ ಕೇಳತಾರ್ರಿ."

"ಪಾಸಾದ್ರ?"

ಅವನು ನಕ್ಕ. ಪೆನ್ನು ಚಾಪೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಸಂಜೆಯೊಳಗೆ ಫೋನ್ ಮಾಡುತ್ತೇವೆ ಎಂದು ಎದ್ದರು. ಪರೀಕ್ಷೆಗೆಂದು ಒಂದೊಂದು ಸೇರು ಜೋಳ ಕಟ್ಟಿಸಿಕೊಂಡೂ ಹೋದರು. ಫೋನ್ ಮಾಡಿದರು, ಸುಳ್ಳು ಹೇಳಬಾರದು. ಮೂವರೂ ಮಾಡಿದರು, ಮೂವರೂ ಮುಂದಿನ ವರ್ಷ ನೋಡೋಣ ಎಂದರು.

ನನ್ನ ಮೈ ಉರಿದುಹೋಯಿತು. ಎಪ್ಪತ್ತು ದಾಟಿದ ನಾನು ಕುಣಿಯೊಳಗೆ ಇಳಿಯಬಹುದು, ತಿಂಗಳು ತಿಂಗಳು ಪಗಾರ ಎಣಿಸುವ ಮೂವರಿಗೆ ಹೆಬ್ಬೆರಳಗಲದ ಜಾಗದಲ್ಲಿ ಹೆಸರು ಬರೆಯಲು ಆಗುವುದಿಲ್ಲ! ಅವರಿಗೆ ಗೊತ್ತಿಲ್ಲದೆ ಹೀಗಾಗಿದ್ದರೆ ಕ್ಷಮಿಸುತ್ತಿದ್ದೆ. ಹುಡುಗಿಯ ಕೆಲಸ ಒಳ್ಳೆಯದೆಂದು ಗೊತ್ತಿತ್ತು. ಬಾಯಿ ತುಂಬ ಹೇಳಿಯೂ ಹೋದರು.

ಹುಡುಗಿ ಅಳಲಿಲ್ಲ. ಅಳುವುದಕ್ಕಿಂತ ಕೆಟ್ಟ ಮಾತು ಆಡಿದಳು.

"ಬಿಡ ಆಯಿ. ಸಸ್ಯಶಾಸ್ತ್ರಕ್ಕ ಅರ್ಜಿ ಹಾಕತೀನಿ. ಜೋಳಾ ಅಷ್ಟ ಓದತೀನಿ. ಹಗೇವು ಬ್ಯಾಡ."

"ಕಾಗದದಾಗ ನಿನ್ನ ಸಹಿ ಎಲ್ಲೈತಿ?"

"ಎಲ್ಲಾರಕಿಂತ ಕೆಳಗ. ಮೂರೂ ಆದಮ್ಯಾಲ ನಂದು."

"ಹಂಗಂತ ನಿಯಮದಾಗ ಬರದಾರೇನು?"

ಮತ್ತೆ ಓದಿದಳು. ಬರೆದಿರಲಿಲ್ಲ. ಸಹಿಯ ಮನೆಗಳು ಒಂದರ ಕೆಳಗೊಂದು ಇದ್ದದ್ದಕ್ಕೆ ಅವಳೇ ಹಾಗೆ ತಿಳಿದುಕೊಂಡಿದ್ದಳು.

"ಅವರಿಗೆ ಅನ್ನೂದೇನು, ನೀನೂ ಅವರ ಹಂಗ ಕಾಯ್ಕೋತ ಕುಂತೀದಿ. ಈ ಹಗೇವು ಯಾರದು? ನಿಂದು. ನೀ ಇಳಿ ಮೊದಲ."

ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಪೆನ್ನು ತೆಗೆದುಕೊಂಡು ತನ್ನ ಹೆಸರು ಬರೆದಳು.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಧಾರವಾಡ ಮುಟ್ಟಿದಾಗ ಕಚೇರಿಯ ಬಾಗಿಲು ಆಗಷ್ಟೇ ತೆಗೆದಿದ್ದರು. ಗುಮಾಸ್ತ ಫಾರ್ಮು ನೋಡಿ ತಿರುಗಿ ಚಾಚಿದ.

"ಸಹಿ ಇಲ್ಲದ ಅರ್ಜಿ ತಗೊಳ್ಳಾಕ ಬರಂಗಿಲ್ರಿ."

"ತಗೊಬ್ಯಾಡ ತಮ್ಮಾ. ಮೂವರು ಪ್ರಾಧ್ಯಾಪಕರು ಸಹಿ ಹಾಕಲಿಲ್ಲ, ಅದಕ್ಕ ತಗೊಳ್ಳಲಿಲ್ಲ ಅಂತ ಒಂದು ಚೀಟಿ ಬರದು ಕೊಡು. ಅವರ ಹೆಸರು ಹಾಕು. ಕೆಳಗ ನಿನ್ನ ಸಹಿ ಹಾಕು."

"ನಾನೆಂಗ ಬರದು ಕೊಡ್ಲ್ರಿ? ಮೊದಲ ನಮ್ಮ ಸಾಹೇಬ್ರು ನೋಡಬೇಕು."

ಇವನೂ ಅದೇ ಜಾತಿ. ಅವನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿದೆ.

"ಅವ್ವಾರ, ಇದು ಊಟಾ ಮಾಡೂ ಜಾಗಾ ಅಲ್ರಿ."

"ನಿನ್ನಿ ನಿಮ್ಮ ಮಂದಿ ನಮ್ಮ ಮನ್ಯಾಗ ಉಂಡಾರ. ಇವತ್ತ ನಾ ನಿಮ್ಮಲ್ಲಿ ಉಣ್ತೇನಿ."

ಹಿಂದೆ ಸರದಿಯಲ್ಲಿದ್ದ ಹುಡುಗರು ನಕ್ಕರು. ಮೊಮ್ಮಗಳು ನಗಲಿಲ್ಲ, ಇಂದೇ ಕೊನೆಯ ದಿನ ಎಂದು ಬರೆದ ಕಾಗದವನ್ನು ಅವನ ಮುಂದೆ ಹಿಡಿದಳು. ನಾನು ಒಂದು ರೊಟ್ಟಿ ಮುಗಿಸಿ ಎರಡನೆಯದಕ್ಕೆ ಹಿಂಡಿ ಹಚ್ಚುತ್ತಿದ್ದೆ. ಅವನು ಸಿಟ್ಟಿನಿಂದ ಫಾರ್ಮು ಎಳೆದುಕೊಂಡು ಶಿಕ್ಕಾ ಹೊಡೆದ, ಇನ್‌ವರ್ಡ್ ನಂಬರು ಬರೆದ, ಝೆರಾಕ್ಸ್ ಪ್ರತಿಗೂ ಹೊಡೆದು ಕೊಟ್ಟ.

"ಈಗ ಇದು ಒಳಗ ಹೋತಂದ್ರ ಆ ಮೂವರಿಗೂ ಪತ್ರಾ ಹೊಕ್ಕೈತ್ರಿ, ಸಹಿ ಯಾಕ ಇಲ್ಲ, ಕಾರಣಾ ಬರದು ಕೊಡ್ರಿ ಅಂತ. ತಿಳೀತೋ ಇಲ್ಲೋ?"

"ತಿಳೀತು," ಎಂದೆ. ಉಳಿದ ರೊಟ್ಟಿ ಗಂಟು ಕಟ್ಟಿದೆ. "ಹೋಗಲಿ ಅಂತನ ಬಂದೇನಿ."