ಪಾದ್ರಿ ದಂಪತಿಯ ಪಾಲಿನ ಚಹಾ

ಉದಗೀರದಲ್ಲಿರುವ ಅಮೆರಿಕದ ಮುದುಕ ಪಾದ್ರಿ ಗಂಡ-ಹೆಂಡತಿಗೆ ನಾನೇ ಡ್ರೈವರ್, ನಾನೇ ದುಭಾಷಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ನನ್ನ ನಾಲಿಗೆ ಮೇಲೆ ಕುಣಿಯುತ್ತವೆ; ನಾ ಇಲ್ಲಂದರೆ ಅವರಿಗೆ ಪ್ಯಾಟ್ಯಾಗ ಉಪ್ಪೂ ಸಿಗೂದಿಲ್ಲ.

ಅವರ ಪಂಥದಲ್ಲಿ ಚಹಾ ಕುಡಿಯುವಂತಿಲ್ಲ. ನಮ್ಮ ಕಡೆ ಬಂದವರು ಚಹಾ ಬ್ಯಾಡಂದರೆ ಮನೆಯವರನ್ನೇ ಬ್ಯಾಡಂದಂಗ. ಅದಕ್ಕೆ ನಾನೇ ಉಪಾಯ ಹುಡುಕಿದ್ದೆ: ಮನೆಯವರು ಒಳಗೆ ಹೋದಕೂಡಲೇ ಮೂರೂ ಕಪ್ಪು ನಾನೇ ಖಾಲಿ ಮಾಡುವುದು. ಸಾಹೇಬರು ಆಗ ಸುಮ್ಮನೆ ಸೂರು ನೋಡುತ್ತ ಕೂಡುತ್ತಿದ್ದರು.

ಒಮ್ಮೆ ವಲಾಂಡಿಯಲ್ಲಿ ಕುರಿ ಸಾಕುವ ಆಯಿಯ ಮನೆಗೆ ಹೋದೆವು. ಆಕೆಯ ಮೊಮ್ಮಗಳು ಮೇಡಂ ನಡೆಸುವ ಹೊಲಿಗೆ ಕ್ಲಾಸಿಗೆ ಬರುತ್ತೇನೆಂದು ಹಟ ಹಿಡಿದಿದ್ದಳು. ಆಯಿ ಹೂಂ ಅಂದಿರಲಿಲ್ಲ. ಆಯಿ ಚಹಾ ಇಟ್ಟು ಒಳಗೆ ಹೋದಳು. ನಾನು ಎರಡು ಕಪ್ಪು ಮುಗಿಸಿ ಮೇಡಂ ಕಪ್ಪಿಗೆ ಬಾಯಿ ಹಚ್ಚಿದಾಗ ಆಯಿ ಬಾಗಿಲಲ್ಲಿ ನಿಂತಿದ್ದಳು.

“ಅವರು ಚಹಾ ಕುಡಿಯೂದಿಲ್ಲ ಆಯಿ, ದೇವರ ನೇಮ,” ಅಂದೆ.

“ಮೊದಲೇ ಹೇಳ್ಲಾಕ ಏನಾಗಿತ್ತು ನಿನಗ? ನಮ್ಮ ಬೀರಪ್ಪ ದೇವರದೂ ನೇಮ ಅವ,” ಎಂದು ಇಬ್ಬರಿಗೂ ಹಾಲು ಕಾಸಿ ತಂದಳು. ಅವರು ಕುಡಿದು ಮುಗಿಸುವ ತನಕ ಎದುರಿಗೇ ಕುಂತು, “ಹುಡುಗೀನ್ನ ಕಳಸ್ತೀನ್ರೀ ಬಾಯಿಸಾಬ್,” ಅಂದಳು.

“ದಿನಾ ನಾನೇ ಜೀಪಿನ್ಯಾಗ ಕರಕೊಂಡು ಹೋಗ್ತೀನಿ ಆಯಿ,” ಅಂದೆ ಎದೆ ಉಬ್ಬಿಸಿ.

“ಬ್ಯಾಡಪ್ಪ, ಬಸ್ಸಿಗೆ ಹೋಗ್ಲಿ. ಆಕಿ ಜೋಡಿ ಬುತ್ತಿ ಇರ್ತದ.”

ಆಯಿ ಏನಂದಳೆಂದು ಮೇಡಂ ಕೇಳಿದರು. ನಮ್ಮ ಕಡೆ ಬಸ್ಸಿನ ವ್ಯವಸ್ಥೆ ಭಾಳ ಚಲೋ ಅದ ಅಂತಾಳ್ರೀ, ಅಂದೆ.