ಜೊತೆಗೆ ಹೋದವಳು

ಆ ಶುಕ್ರವಾರ ನನ್ನ ಮೊಣಕಾಲಿಗೆ ಯಾವ ನೋವೂ ಇರಲಿಲ್ಲ. ಇಷ್ಟನ್ನು ಹೇಳಲು ನನಗೆ ಹತ್ತಾರು ವರ್ಷ ಬೇಕಾಯಿತು. ನೋವು ಎಂದು ಸುಳ್ಳು ಹೇಳಿ ನನ್ನ ತಮ್ಮನ ಹೆಂಡತಿ ಮೈಮೂನಾಳ ಓದನ್ನು ನಿಲ್ಲಿಸಿದವಳು ನಾನು. ಬೈದು ನಿಲ್ಲಿಸಲಿಲ್ಲ, ಬಾಗಿಲು ಹಾಕಿ ನಿಲ್ಲಿಸಲಿಲ್ಲ — ಸುಮ್ಮನೆ ಕಾಲು ಚಾಚಿ ಕುಳಿತು ನಿಲ್ಲಿಸಿದೆ.

ಮೈಮೂನಾ ವಿಟ್ಲದ ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದವಳು. ನಾಲ್ಕನೆಯ ತರಗತಿಯಲ್ಲಿ ಅವಳಿಗೆ ನಾನೇ ಕಲಿಸಿದ್ದೆ. ಮುಂದೆ ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆಂದು ತಿಳಿದಾಗ, ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಹನೀಫನಿಗೆ ಅವಳನ್ನು ತರೋಣ ಎಂದವಳೂ ನಾನೇ. ಗಂಡ ತೀರಿಕೊಂಡ ಮೇಲೆ ನಾನು ಬಂಟ್ವಾಳದ ತವರುಮನೆಯಲ್ಲಿ ತಾಯಿ, ನಮ್ಮ ಉಮ್ಮನ ಜೊತೆ ಇದ್ದೆ. ಮದುವೆಯಾಗಿ ಹನೀಫ ದಮ್ಮಾಮಿಗೆ ಹಿಂತಿರುಗಿದ ಮೇಲೆ ಮನೆಯಲ್ಲಿ ನಾವು ಮೂವರು ಹೆಂಗಸರು. ಎಲ್ಲರೂ ಬ್ಯಾರಿ ಭಾಷೆ ಮಾತಾಡುವವರು. ಆದರೆ ಮೈಮೂನಾ ನನ್ನೊಬ್ಬಳ ಹತ್ತಿರ ಶಾಲೆಯ ಕನ್ನಡವನ್ನೇ ಮುಂದುವರಿಸಿದಳು, 'ಟೀಚರ್' ಎಂದೇ ಕರೆದಳು. ನೆಂಟರು ತಮಾಷೆ ಮಾಡುತ್ತಿದ್ದರು. ನನಗಂತೂ ಒಳಗೊಳಗೇ ಹಿತವಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಮೂಡುಬಿದಿರೆಯ ಒಂದು ಕಾಲೇಜಿನವರು ತಮ್ಮ ಬಿ.ಎ. ಪಾಠಗಳಿಗೆ ಊರವರೂ ಬಂದು ಕೂರಬಹುದು ಎಂದು ಸಾರಿದರು. ಶನಿವಾರ ಮಧ್ಯಾಹ್ನ ಚರಿತ್ರೆ, ಸಾಹಿತ್ಯ. ವಯಸ್ಸು ಕೇಳುವುದಿಲ್ಲ, ಅಂಕಪಟ್ಟಿ ಕೇಳುವುದಿಲ್ಲ. ಮನಸ್ಸಿದ್ದವರು ಮುಂದೆ ಖಾಸಗಿಯಾಗಿ ಬಿ.ಎ. ಪರೀಕ್ಷೆಗೆ ಕಟ್ಟುವುದಾದರೆ ಮೇಷ್ಟ್ರುಗಳೇ ದಾರಿ ತೋರಿಸುತ್ತಾರೆ ಎಂದೂ ಸುದ್ದಿ. ಮನೆಗೆ ಈ ಸುದ್ದಿ ತಂದವಳು ನಾನು. ಅವತ್ತು ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ಮೈಮೂನಾಳಿಗೆ ಗೊತ್ತೇ ಆಗಲಿಲ್ಲ. ಹೊಸ ಮದುಮಗಳು, ಅಷ್ಟು ದೂರ ಬಸ್ಸು ಎಂದು ಉಮ್ಮ ಸ್ವಲ್ಪ ಅಳುಕಿದರು. "ನಾನು ಜೊತೆಗಿರ್ತೇನಲ್ಲ" ಎಂದೆ. ಹಾಗೆ — ನಾನು ಜೊತೆಗಿದ್ದರೆ ಅವಳು ಹೋಗಬಹುದು ಎಂಬ ಕಟ್ಟಳೆಯನ್ನು ಆ ಮನೆಯಲ್ಲಿ ಬೇರೆ ಯಾರೂ ಮಾಡಿದ್ದಲ್ಲ. ಹನೀಫನಂತೂ ಫೋನಿನಲ್ಲಿ ಕುಣಿದಾಡಿದ.

ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಊಟ ಮುಗಿಸಿ ಸಿದ್ಧಕಟ್ಟೆಯ ದಾರಿಯಾಗಿ ಹೋಗುವ ಬಸ್ಸು ಹಿಡಿಯುತ್ತಿದ್ದೆವು. ತರಗತಿಯಲ್ಲಿ ನಿವೃತ್ತ ಅಂಚೆಯವರೊಬ್ಬರು, ಬಟ್ಟೆ ಅಂಗಡಿಯ ಒಬ್ಬ ಹೆಂಗಸು, ಮತ್ತೆ ನಾವು. ಉಳಿದವರೆಲ್ಲ ಕಾಲೇಜಿನ ಹುಡುಗ ಹುಡುಗಿಯರು. ನಾನು ಮುಂದಿನ ಬೆಂಚಿನಲ್ಲೇ ಕೂತೆ. ಟೀಚರಲ್ಲವೇ? ಚರಿತ್ರೆಯ ಮೇಷ್ಟ್ರು ಪ್ರಶ್ನೆ ಹಾಕಿದರೆ ಅರಸರ ಹೆಸರುಗಳನ್ನು ಸಾಲಾಗಿ ಒಪ್ಪಿಸುತ್ತಿದ್ದೆ. ಅವರು ಸೌಜನ್ಯದಿಂದ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಒಂದು ದಿನ ಕರಾವಳಿಯ ಹಳೆಯ ಹಡಗು ವ್ಯಾಪಾರದ ಪಾಠ. ಅಕ್ಕಿ ಹೋಯಿತು, ಮೆಣಸು ಹೋಯಿತು, ಕುದುರೆ ಬಂತು. ಮೈಮೂನಾ ಮೆಲ್ಲನೆ ಎದ್ದು ನಿಂತಳು.

"ಹಡಗು ಹೋದದ್ದು, ಬಂದದ್ದು ಎಲ್ಲ ಉಂಟು ಸರ್. ಅದರಲ್ಲಿ ಹೋದವರ ಮನೆಯಲ್ಲಿ ಅಷ್ಟು ತಿಂಗಳು ಹೆಂಗಸರು ಹೇಗೆ ದಿನ ದೂಡಿದರು ಅಂತ ಎಲ್ಲಿಯಾದರೂ ಬರೆದದ್ದು ಉಂಟಾ?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ಕುಳಿತರು. ಉಳಿದ ಹೊತ್ತೆಲ್ಲ ಆ ಒಂದು ಪ್ರಶ್ನೆಯ ಮೇಲೆಯೇ ಪಾಠ ನಡೆಯಿತು. ನಾನೂ ತಲೆ ಬಗ್ಗಿಸಿ ಬರೆದುಕೊಂಡೆ — ನಾಲ್ಕನೆಯ ತರಗತಿಯಲ್ಲಿ ನಾನು ಮಗ್ಗಿ ಹೇಳಿಸಿದ ಹುಡುಗಿಯ ಮಾತನ್ನು.

ಹೊರಡುವಾಗ ಮೇಷ್ಟ್ರು ನನ್ನ ಹತ್ತಿರ ಬಂದು ಕೈಮುಗಿದರು. "ಟೀಚರೇ, ನೀವು ಇವರ ಜೊತೆಗೆ ಬರ್ತೀರಲ್ಲ, ಅದೇ ದೊಡ್ಡ ಉಪಕಾರ" ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ನಾನೂ ಕಲಿಯಲು ಬಂದವಳಲ್ಲವೇ? ಹತ್ತನೆಯ ತರಗತಿ ಮುಗಿದದ್ದೇ ಶಿಕ್ಷಕಿಯ ತರಬೇತಿಗೆ ಸೇರಿ, ಎಳೆ ವಯಸ್ಸಿನಲ್ಲೇ ನೌಕರಿ ಹಿಡಿದವಳು ನಾನು. ಬಿ.ಎ. ಎಂಬುದು ನನ್ನದೇ ಹಳೆಯ ಆಸೆ. ಬಸ್ಸಿನಲ್ಲಿ ಮೈಮೂನಾ ಕಿಟಕಿಯ ಪಕ್ಕ ಕುಳಿತು ಖುಷಿಯಲ್ಲಿ ಮಾತಾಡುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಿದ್ದೆ. ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ. ಮಕ್ಕಳಿಗೆ ಅದು ಕೆಟ್ಟದೆಂದು ವರ್ಷ ವರ್ಷ ಪಾಠ ಹೇಳಿದವಳಿಗೆ ಅದರ ಗುರುತು ಹತ್ತಲಿಲ್ಲ ಎಂದರೆ ಯಾರು ನಂಬುತ್ತಾರೆ? ಗುರುತು ಹತ್ತಿತ್ತು.

ಮುಂದಿನ ಶುಕ್ರವಾರ ಸಂಜೆ, ಮೊಣಕಾಲು ಹಿಡಿದುಕೊಂಡಿದೆ, ಶಾಲೆಗೆ ಹೇಗೋ ಹೋಗಿಬಂದೇನು, ನಾಳೆ ಮೂಡುಬಿದಿರೆಯ ಬಸ್ಸು ಹತ್ತಲಾರೆ ಎಂದೆ. ಅವಳ ಮುಖ ಬಾಡಿದ್ದು ಒಂದು ಗಳಿಗೆ ಮಾತ್ರ. ಆಮೇಲೆ ಎಣ್ಣೆ ಬಿಸಿ ಮಾಡಿ ತಂದಳು. ನನ್ನ ಕಾಲ ಬುಡದಲ್ಲಿ ಕುಳಿತು, ಇಲ್ಲದ ನೋವನ್ನು ಹುಡುಕಿ ಹುಡುಕಿ ತಿಕ್ಕಿದಳು. ಇಲ್ಲಿಯಾ ಟೀಚರ್, ಇಲ್ಲಿಯಾ ಎಂದು ಕೇಳುತ್ತಿದ್ದಳು. ನಾನು ಹೌದು, ಅಲ್ಲೇ ಎನ್ನುತ್ತಿದ್ದೆ. ಮರುವಾರವೂ ಅದೇ. ಅದರ ಮರುವಾರವೂ. ಅವಳೊಬ್ಬಳೇ ಹೋಗಿ ಬರಲಿ ಎಂದು ನಾನು ಒಂದು ಮಾತು ಹೇಳಿದ್ದರೆ ಉಮ್ಮ ಇಲ್ಲ ಎನ್ನುತ್ತಿರಲಿಲ್ಲ. ಆ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಇತ್ತು. ಹೇಳಲಿಲ್ಲ. ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಆ ಜಾತಿ ನನ್ನದು.

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ.

ಪರೀಕ್ಷೆಗೆ ಹೆಸರು ಕೊಡುವ ಕಾಲ ಬಂತು. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಆ ಮೇಷ್ಟ್ರು ಸಿಕ್ಕಿದರು. ಮೊದಲ ಮಾತೇ ಅವಳ ಬಗ್ಗೆ. ಯಾಕೆ ಬರುತ್ತಿಲ್ಲ, ಪರೀಕ್ಷೆಗೆ ಕೂರುತ್ತಾರಲ್ಲವೇ ಎಂದು ವಿಚಾರಿಸಿದರು. ನಾನು ನೆಟ್ಟಗೆ ಎರಡೂ ಕಾಲಿನ ಮೇಲೆ ನಿಂತುಕೊಂಡು ಹೇಳಿದೆ —

"ಅವಳಿಗೆ ಅಷ್ಟು ಮನಸ್ಸಿಲ್ಲ ಸರ್. ಮನೆ, ಸಂಸಾರ ಅಂತ ಉಂಟಲ್ಲ."

ಅವರ ಮುಖ ಸಣ್ಣದಾಯಿತು. ಮತ್ತೆ ಏನೋ ಹೇಳಿದರು, ಸ್ವಲ್ಪ ಹೊತ್ತು ಹೇಳಿದರು. ನನ್ನ ಕಣ್ಣು ಬರುವ ಬಸ್ಸಿನ ಮೇಲಿತ್ತು. ಅವರು ಸಿಕ್ಕಿದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಮುಂದಿನ ವರ್ಷ ಅವರು ಬೇರೆ ಊರಿಗೆ ಹೋದರಂತೆ, ಶನಿವಾರದ ಪಾಠಗಳೂ ನಿಂತವು.

ಮೈಮೂನಾ ಮಕ್ಕಳನ್ನು ಹೆತ್ತಳು, ಸಾಕಿದಳು, ಉಮ್ಮನ ಕೊನೆಗಾಲದಲ್ಲಿ ಚಾಕರಿ ಮಾಡಿದಳು. ನಗುತ್ತಲೇ ಬಾಳಿದಳು. ಅವಳು ಒಮ್ಮೆಯಾದರೂ ನನ್ನನ್ನು ದೂರಿದ್ದರೆ ನನಗೆ ಅಷ್ಟು ಹಗುರವಾಗುತ್ತಿತ್ತು. ನಾನು ನಿವೃತ್ತಳಾದೆ. ಮನೆಯಲ್ಲಿ ಹಗಲಿಡೀ ಅವಳ ಎದುರಿಗೇ ಇರಬೇಕಾಯಿತು. ಈ ವರ್ಷ ಒಂದು ಮಧ್ಯಾಹ್ನ, ಅವಳು ಅಡುಗೆಮನೆಯ ಮೆಟ್ಟಿಲಲ್ಲಿ ಮೀನು ಕತ್ತರಿಸುತ್ತಿದ್ದಾಗ, ಎಲ್ಲವನ್ನೂ ಹೇಳಿಬಿಟ್ಟೆ. ಕಾಲಿನ ಸುಳ್ಳು. ಬಸ್ ಸ್ಟ್ಯಾಂಡಿನ ಸುಳ್ಳು.

ಕಾಲಿನ ವಿಷಯಕ್ಕೆ ಅವಳು ತಲೆ ಎತ್ತಲಿಲ್ಲ. ಬಸ್ ಸ್ಟ್ಯಾಂಡಿನ ವಿಷಯಕ್ಕೆ ಕೈ ನಿಂತಿತು.

"ಸರ್ ನನ್ನನ್ನು ವಿಚಾರಿಸಿದ್ರಾ ಟೀಚರ್?"

ಹೌದು ಎಂದೆ. ಇಷ್ಟು ವರ್ಷ ಅವಳು ತಿಳಿದಿದ್ದದ್ದು ಬೇರೆ — ತಾನು ಹೋಗದಿದ್ದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಕೇಳುವವರಿಲ್ಲ ಎಂದು. ನಾನು ಕಸಿದದ್ದು ಬರೀ ಓದು ಎಂದುಕೊಂಡಿದ್ದೆ.

"ಏನು ಹೇಳಿದ್ರು?" ಎಂದು ಕೇಳಿದಳು. "ನೀವು ಹಾಗೆ ಹೇಳಿದ ಮೇಲೆ ಅವರು ಏನು ಹೇಳಿದ್ರು?"

ನಾನು ನೆನಪಿಸಿಕೊಳ್ಳಲು ನೋಡಿದೆ. ನನ್ನ ಮಾತು ಅಕ್ಷರ ಅಕ್ಷರವಾಗಿ ನೆನಪಿತ್ತು. ಅವರದು ಒಂದೂ ಇರಲಿಲ್ಲ. ಗೊತ್ತಿಲ್ಲ ಮೈಮೂನಾ, ನಾನು ಕೇಳಿಸಿಕೊಳ್ಳಲಿಲ್ಲ ಎಂದೆ. ಏನಾದರೂ ಒಳ್ಳೆಯ ಮಾತು ಕಟ್ಟಿ ಹೇಳಬಹುದಿತ್ತು. ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ. ಅವಳು ಕೈ ತೊಳೆದು ಎದ್ದು ಒಳಗೆ ಹೋದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಈವರೆಗೂ ಹೇಳಿಲ್ಲ. ಕೇಳುವ ಹಕ್ಕು ನನಗಿಲ್ಲ.

ಆ ಮೇಷ್ಟ್ರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದು. ಇದನ್ನು ಅವರು ಓದಲಿ ಎಂದೇ ಬರೆಯುತ್ತಿದ್ದೇನೆ. ಸರ್, ಅವಳಿಗೆ ಮನಸ್ಸಿತ್ತು. ತುಂಬ ಇತ್ತು. ಅವತ್ತು ನೀವು ಹೇಳಿದ್ದು ಏನೆಂದು ನಿಮಗೆ ನೆನಪಿದ್ದರೆ ಬಂದು ಅವಳಿಗೆ ಹೇಳಿ. ನನಗೆ ಬೇಡ, ಅವಳಿಗೆ.