ಒರೆಸಿದ ಹನ್ನೊಂದು

ವಸುಧಕ್ಕ, ಆ ಟ್ಯೂಬ್ ಅದಲುಬದಲು ಮಾಡಿದವನು ನಾನು. ನೀವು ಕೇಳಿದಾಗ ಇಲ್ಲವೆಂದೆ — ಆರು ವರ್ಷವಾಯಿತು.

ಹ್ಯೂಸ್ಟನ್ನಿನ ಲ್ಯಾಬಿಗೆ ಬಂದಾಗ, ಬ್ಯಾಕ್ಟೀರಿಯಾದ ಕ್ರೋಮೋಸೋಮಿನೊಳಗೇ ವೈರಸ್ ಸಂಸಾರ ಹೂಡುತ್ತದೆ ಎಂಬುದೇ ನನಗೆ ಸೋಜಿಗ. ಅದು ಎಲ್ಲಿ ಕೂತಿದೆಯೆಂದು ನಾವೆಲ್ಲ ಕಂಪ್ಯೂಟರನ್ನು ಕೇಳುತ್ತಿದ್ದೆವು. ನೀವು ಮಾತ್ರ ಡಿಎನ್‌ಎ ಅಕ್ಷರಗಳ ಪ್ರಿಂಟ್ ತೆಗೆದು, ಕೆಂಪು ಪೆನ್ಸಿಲ್ ಹಿಡಿದು, ಸೀರೆಯ ಅಂಚಿನಲ್ಲಿ ಹೊಲಿಗೆ ಹುಡುಕುವವರಂತೆ ಹುಡುಕುತ್ತಿದ್ದಿರಿ. "ಎರಡೂ ತುದಿಗೆ ಅವೇ ಅಕ್ಷರ ಅವ ನೋಡು. ವೈರಸ್ ಇಲ್ಲೇ ಹೊಕ್ಕದ," ಎಂದು ನಿಮ್ಮ ಧಾರವಾಡದ ಮಾತಿನಲ್ಲಿ ತೋರಿಸಿದ ದಿನ ನನಗೆ ಮೈ ಜುಮ್ಮೆಂದಿತ್ತು. ಅಷ್ಟು ಚೆನ್ನಾಗಿ ಓದುವವರನ್ನು ಆಮೇಲೆ ನಾನು ಕಂಡಿಲ್ಲ.

ಹದಿನಾಲ್ಕು ಬ್ಯಾಕ್ಟೀರಿಯಾ ತಳಿಗಳ ಡಿಎನ್‌ಎ ತೆಗೆದು, ನಂಬರ್ ಬರೆದ ಟ್ಯೂಬಿಗೆ ತುಂಬಿ ಕೊಡುವುದು ನನ್ನ ಕೆಲಸ. ಏಳನೆಯ ತಳಿಯಲ್ಲಿ ನೀವು ಹೊಸ ವೈರಸ್ ಗುರುತಿಸಿ ನಕ್ಷೆ ಬರೆದಿರಿ. ಆಸ್ಟಿನ್‌ನಲ್ಲಿ ಅದರ ಬಗ್ಗೆ ಭಾಷಣ. ಅದು ಚೆನ್ನಾಗಿ ಆದರೆ ಅಲ್ಲೇ ಕೆಲಸ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿದ್ದ ನಿಮ್ಮ ಗಂಡ, ಮಗಳ ಬಳಿಗೆ ಪ್ರತಿ ಶುಕ್ರವಾರ ಡ್ರೈವ್ ಮಾಡುವುದು ತಪ್ಪುತ್ತಿತ್ತು. ಕೊನೆಯ ವಾರ ಖಾತ್ರಿಗೆಂದು ಏಳನೆಯ ತಳಿಯನ್ನು ಹೊಸದಾಗಿ ಬೆಳೆಸಿ ನೋಡಿದಿರಿ — ವೈರಸ್ಸೇ ಇಲ್ಲ!

"ಟ್ಯೂಬ್ ಏನರೆ ಅದಲು ಬದಲು ಆಗ್ಯಾವೇನೋ?"

"ಇಲ್ಲಕ್ಕ, ಎರಡು ಸಲ ಚೆಕ್ ಮಾಡಿದೀನಿ."

ಮಾಡಿರಲಿಲ್ಲ. ನೀವು ಅತ್ತ ಹೋದಮೇಲೆ ಫ್ರೀಜರ್ ತೆರೆದೆ. ಒಂದೇ ಟ್ಯೂಬಿನ ಮುಚ್ಚಳದ ಮೇಲೆ ಏಳು, ಮೈಮೇಲೆ ಹನ್ನೊಂದು — ಎರಡೂ ನನ್ನದೇ ಅಕ್ಷರ; ಒಳಗಿದ್ದುದು ಹನ್ನೊಂದರ ಡಿಎನ್‌ಎ. ಹತ್ತಿಗೆ ಸ್ಪಿರಿಟ್ ಹಾಕಿ ಹನ್ನೊಂದನ್ನು ಒರೆಸಿಬಿಟ್ಟೆ. ಸೇರಿ ಮೂರೇ ತಿಂಗಳಾಗಿತ್ತು, ಹೆದರಿದ್ದೆ, ಆದರೂ... ಗುರುತು ಉಳಿಯದ ಹಾಗೆ ಒರೆಸಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆ.

ನೀವು ನನ್ನನ್ನು ನಂಬಿದಿರಿ. ಭಾಷಣ ಕೈಬಿಟ್ಟು, ಹದಿನಾಲ್ಕು ತಳಿಗಳನ್ನೂ ಹೊಸದಾಗಿ ಬೆಳೆಸಿ, ಮೊದಲಿನಿಂದ ಒಂದೊಂದಾಗಿ ಓದಿದಿರಿ. ಹನ್ನೊಂದರಲ್ಲಿ ಅದೇ ವೈರಸ್ ಸಿಕ್ಕಿತು — ಎಂಥ ಛಲ ನಿಮ್ಮದು! ಆಮೇಲೆ, ಪ್ರಿಂಟ್ ಕಾಗದಗಳನ್ನು ನೀವೇ ಅದಲುಬದಲು ಮಾಡಿರಬೇಕೆಂದು ಎಲ್ಲರೆದುರು ಕ್ಷಮೆ ಕೇಳಿದಿರಿ. ನಾನು ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದೆ. ಆಸ್ಟಿನ್ ಕೆಲಸ ಬೇರೆಯವರ ಪಾಲಾಯಿತು; ಇನ್ನೆರಡು ವರ್ಷ ನೀವು ಅದೇ ಹೈವೇಯಲ್ಲಿ ಓಡಾಡಿದಿರಿ.

ಕೊನೆಗೆ ಲ್ಯಾಬ್ ಬಿಟ್ಟು ಹೊರಡುವಾಗ ಆ ಕೆಂಪು ಪೆನ್ಸಿಲ್ ನನ್ನ ಕೈಗಿಟ್ಟು, "ನೀ ಎರಡು ಸಲ ಚೆಕ್ ಮಾಡಾವ. ನಿನ್ನ ಕಡೇನ ಇರಲಿ," ಎಂದಿರಿ.

ಈಗ ಡಲ್ಲಾಸ್‌ನಲ್ಲಿ ನನ್ನ ವಿದ್ಯಾರ್ಥಿಗಳಿಗೆ ನಿಮ್ಮ ಹಾಗೆಯೇ ಪ್ರಿಂಟ್ ತೆಗೆದು ಓದಲು ಕಲಿಸುತ್ತೇನೆ. ಆ ಪೆನ್ಸಿಲನ್ನು ಮಾತ್ರ ಒಮ್ಮೆಯೂ ಮುಟ್ಟಲಾಗಿಲ್ಲ. ಇಂದು ಬೆಳಗ್ಗೆ ನಮ್ಮ ಹಳೆಯ ಬಾಸ್‌ಗೂ ಎಲ್ಲವನ್ನೂ ಬರೆದು ಕಳಿಸಿದೆ. ಕ್ಷಮಿಸಿ ಎನ್ನಲು ಬಾಯಿಲ್ಲ. ವಸುಧಕ್ಕ, ನೀವು ಮೊದಲ ಸಲ ಓದಿದ್ದೇ ಸರಿಯಿತ್ತು.